ನೆಲಮಾಳಿಗೆಯ ನಕ್ಷೆಯೂ ಬಂಗಾಳದ ಹಸಿವೂ

ಲಂಡನ್ನಿಗೆ ಹೋದವರು ನೋಡಿ ಬರುವ ಸ್ಥಳಗಳಲ್ಲಿ ಒಂದು ನೆಲಮಾಳಿಗೆಯೂ ಇದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಪ್ರಧಾನಿ, ಅವರ ಸಂಪುಟದ ಸಹೋದ್ಯೋಗಿಗಳು ಮತ್ತು ಸೇನಾ ಮುಖ್ಯಸ್ಥರು ಜರ್ಮನಿಯ ಬಾಂಬುಗಳಿಂದ ರಕ್ಷಣೆ ಪಡೆದು ಯುದ್ಧ ನಡೆಸಿದ ಜಾಗವದು. ಈಗ ಅದು 'ಚರ್ಚಿಲ್ ವಾರ್ ರೂಮ್ಸ್' ಎಂಬ ಹೆಸರಿನ ಮ್ಯೂಸಿಯಂ. ಅಲ್ಲಿ ಉದ್ಯೋಗದಲ್ಲಿರುವ ನಮ್ಮ ಸೋದರಳಿಯ, "ಮಾಮ, ನೀವು ಇತಿಹಾಸ ಓದುವವರು, ಇದನ್ನು ನೋಡದೆ ಹೋಗಬೇಡಿ" ಎಂದು ಒತ್ತಾಯಿಸಿ ಒಂದು ಬೆಳಿಗ್ಗೆ ನಮ್ಮನ್ನು ಕರೆದುಕೊಂಡು ಹೊರಟ.

ನೋಡಿದ್ದು ಒಳ್ಳೆಯದೇ ಆಯಿತು. ಆದರೆ ಅಲ್ಲಿ ಏನನ್ನು ನೋಡಿದೆವೋ ಅದಕ್ಕಿಂತ ಹೆಚ್ಚಾಗಿ, ಅಲ್ಲಿ ಏನು ಕಾಣಲಿಲ್ಲವೋ ಅದು ನಮ್ಮನ್ನು ಇನ್ನೂ ಕಾಡುತ್ತಿದೆ. ಅದನ್ನೇ ಓದುಗರೊಂದಿಗೆ ಹಂಚಿಕೊಳ್ಳಬೇಕೆಂದು ಈ ಲೇಖನ.

ಮೆಟ್ಟಿಲ ಮೇಲೆ ನಿಂತವನು

ಬ್ರಿಟಿಷ್ ಸರಕಾರದ ಕಚೇರಿಗಳಿರುವ ವೈಟ್‌ಹಾಲ್ ಪ್ರದೇಶದಲ್ಲಿ ಕಿಂಗ್ ಚಾರ್ಲ್ಸ್ ಸ್ಟ್ರೀಟ್ ಎಂಬ ಗಿಡ್ಡ ಬೀದಿಯೊಂದಿದೆ. ಅದರ ಒಂದು ಬದಿಗೆ ಹಣಕಾಸು ಇಲಾಖೆಯ ಕಟ್ಟಡ, ಇನ್ನೊಂದು ಬದಿಗೆ ವಿದೇಶಾಂಗ ಇಲಾಖೆಯ ಕಟ್ಟಡ. ಬೀದಿ ಮುಗಿಯುವಲ್ಲಿ ಸೇಂಟ್ ಜೇಮ್ಸ್ ಪಾರ್ಕಿನ ಕಡೆಗೆ ಇಳಿಯುವ ಅಗಲವಾದ ಕಲ್ಲಿನ ಮೆಟ್ಟಿಲುಗಳು. ಮೆಟ್ಟಿಲುಗಳ ಬುಡದಲ್ಲಿ ಮ್ಯೂಸಿಯಮ್ಮಿನ ಬಾಗಿಲು.

ಮೆಟ್ಟಿಲುಗಳ ತುದಿಯಲ್ಲಿ ಎತ್ತರದ ಪೀಠದ ಮೇಲೆ ಒಬ್ಬ ಮನುಷ್ಯನ ಕಂಚಿನ ಪ್ರತಿಮೆ ನಿಂತಿದೆ. ಹತ್ತಿರ ಹೋಗಿ ಹೆಸರು ಓದಿದೆವು: ಕ್ಲೈವ್. 1757ರ ಜೂನ್ 23ರಂದು ಪ್ಲಾಸಿಯಲ್ಲಿ ನವಾಬ ಸಿರಾಜುದ್ದೌಲನನ್ನು ಸೋಲಿಸಿ ಬಂಗಾಳವನ್ನು ಈಸ್ಟ್ ಇಂಡಿಯಾ ಕಂಪೆನಿಯ ಕೈಗೆ ತಂದಿತ್ತ ರಾಬರ್ಟ್ ಕ್ಲೈವ್. ಈ ಮೆಟ್ಟಿಲುಗಳಿಗೂ ಅವನ ಹೆಸರೇ. ಪೀಠದ ಸುತ್ತ ಅವನ ಬದುಕಿನ ಮೂರು ದೃಶ್ಯಗಳನ್ನು ಉಬ್ಬುಚಿತ್ರಗಳಾಗಿ ಮಾಡಿದ್ದಾರೆ. 1751ರ ಆರ್ಕಾಟಿನ ಮುತ್ತಿಗೆ, ಪ್ಲಾಸಿ ಕದನದ ಹಿಂದಿನ ದಿನ ಮತ್ತು 1765ರಲ್ಲಿ ಅಲಹಾಬಾದಿನಲ್ಲಿ ಮೊಗಲ್ ಬಾದಶಹ ಎರಡನೇ ಶಾ ಆಲಂ ಬಂಗಾಳ, ಬಿಹಾರ, ಒರಿಸ್ಸಾಗಳ ದಿವಾನಿಯನ್ನು, ಅಂದರೆ ಕಂದಾಯ ವಸೂಲಿಯ ಹಕ್ಕನ್ನು ಕಂಪೆನಿಗೆ ಬರೆದುಕೊಟ್ಟದ್ದು. ಈ ಪ್ರತಿಮೆ ನಿಲ್ಲಿಸಲು ಹಟ ಹಿಡಿದು ಪ್ರಚಾರ ಮಾಡಿದವರಲ್ಲಿ ಮುಖ್ಯನಾದವನು 1905ರಲ್ಲಿ ಬಂಗಾಳವನ್ನು ಇಬ್ಭಾಗ ಮಾಡಿದ ವೈಸ್‌ರಾಯ್ ಕರ್ಜನ್.

ದಿವಾನಿ ಸಿಕ್ಕಿ ಐದು ವರ್ಷ ತುಂಬುವುದರೊಳಗೆ, 1769-70ರಲ್ಲಿ, ಬಂಗಾಳದಲ್ಲಿ ಭೀಕರ ಕ್ಷಾಮ ಬಂತು. ಜನಸಂಖ್ಯೆಯ ಮೂರನೆಯ ಒಂದು ಭಾಗವಾದರೂ ಅಳಿದಿರಬೇಕೆಂದು ಸ್ವತಃ ವಾರನ್ ಹೇಸ್ಟಿಂಗ್ಸ್ 1772ರಲ್ಲಿ ಅಂದಾಜು ಮಾಡಿದ. ಅಷ್ಟು ಜನ ಸತ್ತ ಮೇಲೂ 1771ರ ಕಂದಾಯ ವಸೂಲಿ ಕ್ಷಾಮಕ್ಕೆ ಮುಂಚಿನ 1768ರ ವಸೂಲಿಯನ್ನು ಮೀರಿತ್ತೆಂದು ಕಂಪೆನಿಗೆ ವರದಿ ಮಾಡಿದವನೂ ಅವನೇ. ಪೀಠದ ಮೇಲೆ ನಾಲ್ಕನೆಯ ಚಿತ್ರವೊಂದು ಇದ್ದಿದ್ದರೆ ಅದರಲ್ಲಿ ಏನಿರಬೇಕಿತ್ತು ಎಂದು ಹೇಳಬೇಕಾಗಿಲ್ಲ.

ಈ ಯೋಚನೆಯಲ್ಲೇ ನಾವು ಮೆಟ್ಟಿಲಿಳಿದೆವು.

ನೆಲದಡಿಯ ಲೋಕ

ಯುದ್ಧ ಬಂದರೆ ಲಂಡನ್ನಿನ ಮೇಲೆ ವಿಮಾನಗಳಿಂದ ಬಾಂಬು ಬೀಳುವುದು ಖಚಿತವೆಂದು ಬ್ರಿಟಿಷ್ ಸರಕಾರಕ್ಕೆ 1930ರ ದಶಕದಲ್ಲೇ ಗೊತ್ತಾಗಿತ್ತು. ಸಂಪುಟ ಸೇರಲು ಸುರಕ್ಷಿತ ಜಾಗ ಬೇಕೆಂದು ಈ ಕಟ್ಟಡದ ನೆಲಮಾಳಿಗೆಯನ್ನು 1938ರಲ್ಲಿ ಆರಿಸಿದರು. 1939ರ ಆಗಸ್ಟ್ 27ರಂದು ಕೋಣೆಗಳು ಸಿದ್ಧವಾದವು. ಒಂದು ವಾರದಲ್ಲಿ, ಸೆಪ್ಟೆಂಬರ್ 3ರಂದು, ಬ್ರಿಟನ್ ಜರ್ಮನಿಯ ಮೇಲೆ ಯುದ್ಧ ಸಾರಿತು. ಆಗ ಪ್ರಧಾನಿ ಚೇಂಬರ್ಲಿನ್. 1940ರ ಮೇ 10ರಂದು ವಿನ್‌ಸ್ಟನ್ ಚರ್ಚಿಲ್ ಆ ಸ್ಥಾನಕ್ಕೆ ಬಂದರು.

ನಾವೆಲ್ಲ ಊಹಿಸಿಕೊಂಡಂತೆ ಇದು ಪಾತಾಳದಲ್ಲಿರುವ ಕೋಟೆಯಲ್ಲ. ಸಾಮಾನ್ಯ ನೆಲಮಾಳಿಗೆ, ಅಷ್ಟೇ. ನೇರವಾಗಿ ಒಂದು ಬಾಂಬು ಬಿದ್ದಿದ್ದರೆ ಒಳಗಿದ್ದವರು ಉಳಿಯುವ ಭರವಸೆ ಇರಲಿಲ್ಲ. ಇದು ಅರಿವಾದ ಮೇಲೆ 1940ರ ಕೊನೆಯಲ್ಲಿ ಮೇಲ್ಛಾವಣಿಗೆ ಉಕ್ಕು ಸೇರಿಸಿದ ದಪ್ಪ ಕಾಂಕ್ರೀಟ್ ಹಾಕಲು ಶುರುಮಾಡಿದರು. ಒಳಗೆ ನಡೆಯುತ್ತಾ ಹೋದರೆ ತಲೆಯ ಮೇಲೆ ಕೆಂಪು ಬಣ್ಣದ ದೊಡ್ಡ ತೊಲೆಗಳು, ಗೋಡೆಯುದ್ದಕ್ಕೂ ಗಾಳಿಯ ಕೊಳವೆಗಳು, ಅಗಲವಿಲ್ಲದ ಓಣಿ, ಓಣಿಯ ಎರಡೂ ಬದಿಗೆ ಪುಟ್ಟ ಪುಟ್ಟ ಕೋಣೆಗಳು.

ನೂರಾರು ಜನ ಇಲ್ಲಿ ಪಾಳಿಯಲ್ಲಿ ದುಡಿಯುತ್ತಿದ್ದರು. ಅಧಿಕಾರಿಗಳು, ಟೈಪಿಸ್ಟ್ ಹುಡುಗಿಯರು, ಟೆಲಿಫೋನ್ ನಿರ್ವಾಹಕಿಯರು, ಕಾವಲಿನವರು. ಹೊರಗೆ ಬಿಸಿಲೋ ಮಳೆಯೋ ತಿಳಿಯುತ್ತಿರಲಿಲ್ಲ. ಹವೆ ಹೇಗಿದೆಯೆಂದು ತಿಳಿಸಲು ಓಣಿಯಲ್ಲಿ ಒಂದು ಫಲಕವಿತ್ತು. ಮೇಲೆ ಬಾಂಬು ಬೀಳುತ್ತಿರುವಾಗ ಅದರಲ್ಲಿ 'ಗಾಳಿ ಜೋರಾಗಿದೆ' ಎಂದು ಹಾಕುತ್ತಿದ್ದರಂತೆ. ತಿಂಗಳುಗಟ್ಟಲೆ ಸೂರ್ಯನನ್ನು ಕಾಣದವರ ಆರೋಗ್ಯ ಕೆಡಬಾರದೆಂದು ಕೃತಕ ಬಿಸಿಲಿನ ದೀಪದ ಮುಂದೆ ನಿಲ್ಲಿಸುತ್ತಿದ್ದರು. ಈ ನೆಲಮಾಳಿಗೆಯ ಕೆಳಗೆ ಇನ್ನೊಂದು ಅಂತಸ್ತಿದೆ. ತಲೆ ಬಗ್ಗಿಸದೆ ನಡೆಯಲಾಗದ ಆ ಜಾಗದಲ್ಲಿ ಇಲಿಗಳ ಜೊತೆಗೆ ಸಿಬ್ಬಂದಿ ಮಲಗುತ್ತಿದ್ದರು. ಚರ್ಚಿಲ್ಲರಿಗೂ ಒಂದು ಮಲಗುವ ಕೋಣೆ ಇತ್ತು. ಆದರೆ ಅವರಿಗೆ ನೆಲದಡಿಯ ವಾಸ ಹಿಡಿಸುತ್ತಿರಲಿಲ್ಲ. ಅಲ್ಲಿ ರಾತ್ರಿ ಕಳೆದದ್ದು ಮೂರೇ ಸಲ ಎನ್ನುತ್ತಾರೆ.

ಸಂಪುಟದ ಕೋಣೆಯನ್ನು 1940ರ ಅಕ್ಟೋಬರ್ 15ರ ಸಂಜೆ ಇದ್ದಂತೆಯೇ ಜೋಡಿಸಿಟ್ಟಿದ್ದಾರೆ. ಗಡಿಯಾರ ಐದಕ್ಕೆ ಎರಡು ನಿಮಿಷ ತೋರಿಸುತ್ತದೆ. ಅದರ ಹಿಂದಿನ ರಾತ್ರಿ ಪ್ರಧಾನಿ ನಿವಾಸದ ಬಳಿಯೇ ಬಾಂಬು ಬಿದ್ದು ಅಲ್ಲಿನ ಅಡುಗೆಮನೆ ಧ್ವಂಸವಾಗಿತ್ತು. ಚರ್ಚಿಲ್ ಕೂರುತ್ತಿದ್ದ ಮರದ ಕುರ್ಚಿಯ ಕೈಗಳಲ್ಲಿ ಆಳವಾದ ಗೀರುಗಳಿವೆ. ಚಿಂತೆಯಲ್ಲಿದ್ದಾಗ ಅವರ ಉಗುರು ಮತ್ತು ಉಂಗುರ ಉಜ್ಜಿ ಆದ ಗುರುತುಗಳು. ಯುದ್ಧದುದ್ದಕ್ಕೂ 115 ಸಂಪುಟ ಸಭೆಗಳು ಈ ಕೋಣೆಯಲ್ಲಿ ನಡೆದವು.

ಶೌಚಾಲಯದ ಬಾಗಿಲಿನಂತೆ ಕಾಣುವ ಇನ್ನೊಂದು ಪುಟ್ಟ ಕೋಣೆ. ಅದು ಪ್ರಧಾನಿಯವರ ಖಾಸಗಿ ಶೌಚಾಲಯವೆಂದೇ ಕೆಲಸದವರು ತಿಳಿದಿದ್ದರು. ಒಳಗಿದ್ದುದು ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಜೊತೆ ಗುಟ್ಟಾಗಿ ಮಾತನಾಡುವ ಟೆಲಿಫೋನ್. ಮಾತನ್ನು ಕದ್ದು ಕೇಳದಂತೆ ಮಾಡುವ ಯಂತ್ರ ಎಷ್ಟು ದೊಡ್ಡದಿತ್ತೆಂದರೆ, ಅದನ್ನು ಇಲ್ಲಿ ಇಡಲಾಗದೆ ಸೆಲ್ಫ್ರಿಜಸ್ ಎಂಬ ಬಟ್ಟೆಬರೆಯ ದೊಡ್ಡ ಅಂಗಡಿಯ ನೆಲಮಾಳಿಗೆಯಲ್ಲಿ ಇಟ್ಟಿದ್ದರು.

ಇಷ್ಟನ್ನೂ ನೋಡುವಾಗ ನಮಗೆ ಆ ಜನರ ಮೇಲೆ ಗೌರವವೇ ಹುಟ್ಟಿತು ಎಂಬುದನ್ನು ಮುಚ್ಚಿಡುವುದಿಲ್ಲ. 1940ರ ಸೆಪ್ಟೆಂಬರಿನಿಂದ 1941ರ ಮೇ ತನಕದ ಬಾಂಬ್ ದಾಳಿಯಲ್ಲಿ ಬ್ರಿಟನ್ನಿನಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ನಾಗರಿಕರು ಸತ್ತರು. ಹಿಟ್ಲರನ ನಾಝಿ ಆಡಳಿತ ಎಂಥದೆಂದು ಜಗತ್ತಿಗೆಲ್ಲ ಗೊತ್ತಿದೆ. ಅದರ ಮುಂದೆ ಮಂಡಿಯೂರದೆ ನಿಂತದ್ದು ಸಣ್ಣ ಸಂಗತಿಯಲ್ಲ.

ನಕ್ಷೆಯ ಕೋಣೆ

ಮ್ಯೂಸಿಯಮ್ಮಿನ ಹೃದಯವೆಂದರೆ ನಕ್ಷೆಯ ಕೋಣೆ. ಯುದ್ಧದ ಆರು ವರ್ಷಗಳಲ್ಲಿ ಹಗಲು ರಾತ್ರಿ ಒಂದು ಕ್ಷಣವೂ ಇಲ್ಲಿ ದೀಪ ಆರಲಿಲ್ಲ. ಜಪಾನ್ ಶರಣಾದ ಮರುದಿನ, 1945ರ ಆಗಸ್ಟ್ 16ರಂದು, ಅಧಿಕಾರಿಗಳು ಮೊದಲ ಬಾರಿಗೆ ದೀಪ ಆರಿಸಿ, ಬಾಗಿಲು ಹಾಕಿಕೊಂಡು ಮನೆಗೆ ಹೋದರು. ಮೇಜಿನ ಮೇಲಿನ ಟೆಲಿಫೋನುಗಳು, ಕಡತಗಳು, ಗೋಡೆಯ ನಕ್ಷೆಗಳು ಹಾಗೆಯೇ ಉಳಿದವು. ಎಷ್ಟೋ ವರ್ಷಗಳ ಮೇಲೆ ಒಬ್ಬ ಅಧಿಕಾರಿಯ ಮೇಜಿನ ಖಾನೆಯಲ್ಲಿ ಅವನ ಪಡಿತರದ ಸಕ್ಕರೆ ಅಚ್ಚುಗಳು ಲಕೋಟೆಯೊಳಗೆ ಹಾಗೆಯೇ ಸಿಕ್ಕವು. ಈಗ ಅವೂ ಪ್ರದರ್ಶನದಲ್ಲಿವೆ. 1984ರ ಏಪ್ರಿಲ್‌ನಲ್ಲಿ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಇದನ್ನು ಮ್ಯೂಸಿಯಮ್ಮಾಗಿ ಜನರಿಗೆ ತೆರೆದರು. ಚರ್ಚಿಲ್ಲರ ಜೀವನದ ಪ್ರತ್ಯೇಕ ವಿಭಾಗ ಸೇರಿದ್ದು 2005ರಲ್ಲಿ.

ಗೋಡೆಯ ಮೇಲಿನ ಒಂದು ನಕ್ಷೆಯ ಮುಂದೆ ನಾವು ಬಹಳ ಹೊತ್ತು ನಿಂತೆವು. ಸಮುದ್ರಗಳ ನಕ್ಷೆ ಅದು. ಬ್ರಿಟನ್ನಿಗೆ ಆಹಾರ, ಎಣ್ಣೆ, ಶಸ್ತ್ರಾಸ್ತ್ರ ಹೊತ್ತು ಗುಂಪುಗುಂಪಾಗಿ ಬರುತ್ತಿದ್ದ ಹಡಗುಗಳು ಎಲ್ಲೆಲ್ಲಿವೆಯೆಂದು ಗುಂಡುಸೂಜಿ ಚುಚ್ಚಿ ಗುರುತಿಸುತ್ತಿದ್ದರು. ಹಡಗು ಮುಂದೆ ಹೋದಂತೆ ಸೂಜಿಯೂ ಮುಂದೆ ಹೋಗುತ್ತಿತ್ತು. ಚುಚ್ಚಿ ಚುಚ್ಚಿ ಅಟ್ಲಾಂಟಿಕ್ ಸಾಗರದ ಕಾಗದವೇ ಸವೆದುಹೋಗಿದೆ. ಕೆಲವು ಕಡೆ ರಂಧ್ರಗಳ ರಾಶಿಯೇ ಸಮುದ್ರಮಾರ್ಗವಾಗಿ ಕಾಣುತ್ತದೆ.

"ಮಾಮ, ಒಂದೊಂದು ತೂತೂ ಒಂದೊಂದು ದಿನದ ಲೆಕ್ಕ" ಎಂದ ಸೋದರಳಿಯ. ನಿಜ. ಯಾವ ಹಡಗು ಎಲ್ಲಿದೆ, ಅದರಲ್ಲಿ ಏನಿದೆ, ಅದು ಎಂದು ಮುಟ್ಟುತ್ತದೆ ಎಂಬುದೆಲ್ಲ ಗೊತ್ತಿದ್ದ ಕೋಣೆ ಇದು. ನಮ್ಮ ಕಣ್ಣು ಮಾತ್ರ ತಾನಾಗಿಯೇ ಬಲಕ್ಕೆ ಸರಿದು ಹಿಂದೂ ಮಹಾಸಾಗರವನ್ನು, ಬಂಗಾಳ ಕೊಲ್ಲಿಯನ್ನು ಹುಡುಕಿತು.

ಕಾರಣವಿದೆ. ನಮ್ಮ ಕರಾವಳಿಯ ಹಿರಿಯರು 'ರಂಗೂನ್ ಅಕ್ಕಿ'ಯ ಕತೆ ಹೇಳುತ್ತಿದ್ದುದನ್ನು ಕೇಳಿ ನಾವು ಬೆಳೆದವರು. ಬರ್ಮಾದಿಂದ ಹಡಗಿನಲ್ಲಿ ಬರುತ್ತಿದ್ದ ಅಗ್ಗದ ಅಕ್ಕಿ. ಯುದ್ಧದಲ್ಲಿ ಅದು ನಿಂತುಹೋಗಿ, ಮನೆಯಲ್ಲಿ ಗೆಣಸು ಬೇಯಿಸಿ ಗಂಜಿಯ ತಿಳಿ ಕುಡಿದು ಮಲಗಿದ ದಿನಗಳನ್ನು ನಮ್ಮ ಅಜ್ಜಿ ಕೊನೆಯವರೆಗೂ ಮರೆಯಲಿಲ್ಲ. ತಟ್ಟೆಯಲ್ಲಿ ಒಂದು ಅಗುಳು ಬಿಟ್ಟರೆ ಅವರು ಗದರುತ್ತಿದ್ದ ರೀತಿ ಈಗಲೂ ಕಿವಿಯಲ್ಲಿದೆ. ಅದೇ ಅಕ್ಕಿ ನಿಂತಾಗ ಬಂಗಾಳದಲ್ಲಿ ಆದದ್ದಕ್ಕೆ ಹೋಲಿಸಿದರೆ ನಮ್ಮ ಕಷ್ಟ ಏನೂ ಅಲ್ಲ.

ಅದೇ ಕಾಲದಲ್ಲಿ ಬಂಗಾಳದಲ್ಲಿ

1942ರ ಮಾರ್ಚ್‌ನಲ್ಲಿ ರಂಗೂನ್ ಜಪಾನೀಯರ ವಶವಾಯಿತು. ಬರ್ಮಾದ ಅಕ್ಕಿ ನಿಂತಿತು. ಜಪಾನೀಯರು ಬಂಗಾಳಕ್ಕೂ ನುಗ್ಗಬಹುದು, ಬಂದರೆ ಅವರ ಕೈಗೆ ಏನೂ ಸಿಗಬಾರದು ಎಂದು ಸರಕಾರ ಕರಾವಳಿ ಜಿಲ್ಲೆಗಳಿಂದ ಅಕ್ಕಿ ಎತ್ತಿಸಿತು. ಹತ್ತು ಜನರಿಗಿಂತ ಹೆಚ್ಚು ಹೊರಬಲ್ಲ ದೋಣಿಗಳನ್ನು ವಶಪಡಿಸಿಕೊಂಡಿತು ಅಥವಾ ನಾಶಮಾಡಿತು. ನದಿಗಳೇ ರಸ್ತೆಗಳಾಗಿರುವ ನಾಡಿನಲ್ಲಿ ದೋಣಿ ಕಿತ್ತುಕೊಂಡರೆ ಮೀನುಗಾರನ ಅನ್ನವೂ ಹೋಯಿತು, ಅಕ್ಕಿ ಸಾಗಿಸುವ ದಾರಿಯೂ ಹೋಯಿತು. ಅಕ್ಟೋಬರ್ 16ರಂದು ಮಿಡ್ನಾಪುರದ ಕರಾವಳಿಗೆ ಭಾರೀ ಚಂಡಮಾರುತ ಅಪ್ಪಳಿಸಿತು. ಉಳಿದ ಬೆಳೆಗೆ ರೋಗ ತಗುಲಿತು. ಸೈನ್ಯಕ್ಕೆ ಮತ್ತು ಕಲ್ಕತ್ತೆಯ ಯುದ್ಧ ಕಾರ್ಖಾನೆಗಳ ಕೆಲಸಗಾರರಿಗೆ ಮೊದಲ ಆದ್ಯತೆ ಸಿಕ್ಕಿತು. ಯುದ್ಧದ ಖರ್ಚಿಗೆ ನೋಟು ಮುದ್ರಿಸಿದ್ದರಿಂದ ಬೆಲೆ ಏರಿತು, ವ್ಯಾಪಾರಿಗಳು ದಾಸ್ತಾನು ಮಾಡಿದರು, ನೆರೆ ಪ್ರಾಂತಗಳು ತಮ್ಮ ಧಾನ್ಯ ಹೊರಹೋಗದಂತೆ ತಡೆದವು. ಕೂಲಿಕಾರನ ಕೂಲಿ ಮಾತ್ರ ಇದ್ದಲ್ಲೇ ಇತ್ತು.

ಅಮರ್ತ್ಯ ಸೇನ್ ಆಗ ಶಾಂತಿನಿಕೇತನದಲ್ಲಿದ್ದ ಒಂಬತ್ತು ವರ್ಷದ ಹುಡುಗ. ಹಸಿದು ಬಾಗಿಲಿಗೆ ಬಂದವರಿಗೆ ಸಿಗರೇಟಿನ ಡಬ್ಬಿಯಲ್ಲಿ ಒಂದು ಅಳತೆ ಅಕ್ಕಿ ಕೊಡಲು ಅವರ ಅಜ್ಜ ಅನುಮತಿ ಕೊಟ್ಟಿದ್ದರಂತೆ. ಮುಂದೆ ಅರ್ಥಶಾಸ್ತ್ರಜ್ಞರಾಗಿ ಅವರು 1981ರ ತಮ್ಮ ಗ್ರಂಥದಲ್ಲಿ ಈ ಕ್ಷಾಮವನ್ನು ಲೆಕ್ಕಹಾಕಿ ನೋಡಿದರು. 1943ರಲ್ಲಿ ಬಂಗಾಳದಲ್ಲಿ ಲಭ್ಯವಿದ್ದ ಆಹಾರ ಹಿಂದಿನ ಐದು ವರ್ಷಗಳ ಸರಾಸರಿಗಿಂತ ಕೇವಲ ಶೇಕಡಾ 5ರಷ್ಟು ಕಡಿಮೆ, ಕ್ಷಾಮವಿಲ್ಲದ 1941ಕ್ಕಿಂತ ಶೇಕಡಾ 13ರಷ್ಟು ಹೆಚ್ಚು ಎಂಬುದು ಅವರ ತೀರ್ಮಾನ. ಅಂದರೆ ಅಕ್ಕಿ ಇಲ್ಲದೆ ಅಲ್ಲ, ಅಕ್ಕಿ ಕೊಳ್ಳುವ ಶಕ್ತಿಯಿಲ್ಲದೆ ಜನ ಸತ್ತರು. ಈ ಲೆಕ್ಕದ ಬಗ್ಗೆ ವಿದ್ವಾಂಸರಲ್ಲಿ ವಾದ ಮುಂದುವರಿದಿದೆ. ಆದರೆ ಸತ್ತವರು ಯಾರು ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಭೂಮಿಯಿಲ್ಲದ ಕೂಲಿಗಳು, ಬೆಸ್ತರು, ಹಳ್ಳಿಯ ಕುಶಲಕರ್ಮಿಗಳು. ಅವರಲ್ಲಿ ಮುಸ್ಲಿಮರೂ ಇದ್ದರು, ಹಿಂದೂಗಳೂ ಇದ್ದರು. ಹಸಿವು ಯಾರ ಧರ್ಮವನ್ನೂ ಕೇಳಲಿಲ್ಲ. ಸರಕಾರದ ವಿಚಾರಣಾ ಆಯೋಗ 1945ರಲ್ಲಿ ಹದಿನೈದು ಲಕ್ಷ ಸಾವು ಎಂದಿತು. ನಂತರದ ಅಧ್ಯಯನಗಳಲ್ಲಿ ಹಲವು ಈ ಸಂಖ್ಯೆಯನ್ನು ಮೂವತ್ತು ಲಕ್ಷದ ಹತ್ತಿರಕ್ಕೆ ಒಯ್ದಿವೆ.

ಇಲ್ಲಿ ನಮ್ಮವರ ಪಾಲನ್ನೂ ಹೇಳದಿದ್ದರೆ ತಪ್ಪಾಗುತ್ತದೆ. 1943ರ ವಸಂತದಲ್ಲಿ ಪ್ರಾಂತದ ಅಧಿಕಾರ ವಹಿಸಿಕೊಂಡದ್ದು ಮುಸ್ಲಿಂ ಲೀಗಿನ ನಾಝಿಮುದ್ದೀನ್ ಮಂತ್ರಿಮಂಡಲ. ಅದರ ಆಹಾರ ಸರಬರಾಜು ಮಂತ್ರಿ ಸುಹ್ರವರ್ದಿ, ಧಾನ್ಯದ ಕೊರತೆಯೇ ಇಲ್ಲವೆಂದು ಬಹಿರಂಗವಾಗಿ ಹೇಳುತ್ತ ಬಂದರು. ಅಕ್ಕಿ ಬಚ್ಚಿಟ್ಟು ಲಾಭ ಮಾಡಿಕೊಂಡ ವ್ಯಾಪಾರಿಗಳೂ ಇದೇ ನೆಲದ ಮಕ್ಕಳು. ಹೊರಗಿನವರ ತಪ್ಪನ್ನು ಎಣಿಸುವ ಕೈ ಒಳಗಿನ ತಪ್ಪನ್ನೂ ಎಣಿಸಬೇಕು.

ಬೀದಿಯ ಆಚೆ ಬದಿ

ಇನ್ನು ಲಂಡನ್ನಿನ ಪಾಲು. ಇದನ್ನು ಹೇಳಲು ಮತ್ತೆ ಕಿಂಗ್ ಚಾರ್ಲ್ಸ್ ಬೀದಿಗೇ ಬರಬೇಕು. ಬೀದಿಯ ಎದುರು ಬದಿಯ ವಿದೇಶಾಂಗ ಕಟ್ಟಡದ ಪಾರ್ಕಿನ ಕಡೆಯ ಭಾಗ 1947ರ ತನಕ 'ಇಂಡಿಯಾ ಆಫೀಸ್' ಆಗಿತ್ತು. ಭಾರತವನ್ನು ಆಳುವ ಕಡತಗಳೆಲ್ಲ ಕೊನೆಗೆ ಸೇರುತ್ತಿದ್ದುದು ಅಲ್ಲಿಗೆ. ಭಾರತ ವ್ಯವಹಾರಗಳ ಸಚಿವ ಲಿಯೋಪೋಲ್ಡ್ ಅಮೆರಿಯ ಕಚೇರಿ ಅಲ್ಲಿತ್ತು. 1943ರಲ್ಲಿ ದಿಲ್ಲಿಯಿಂದ ವೈಸ್‌ರಾಯ್ ಕಳಿಸುತ್ತಿದ್ದ ತಂತಿಗಳು ಆ ಕಟ್ಟಡಕ್ಕೆ ಬರುತ್ತಿದ್ದವು. ಧಾನ್ಯ ಬೇಕು, ಹಡಗು ಬೇಕು. ಹಡಗುಗಳ ಸೂಜಿ ಚುಚ್ಚಿದ ನಕ್ಷೆ ಬೀದಿಯ ಈಚೆ ಬದಿಯ ನೆಲದಡಿಯಲ್ಲಿತ್ತು. ನಡುವೆ ಇದ್ದದ್ದು ಒಂದು ಗಿಡ್ಡ ಬೀದಿಯ ಅಗಲ.

ಆ ವರ್ಷದ ಆರಂಭದಲ್ಲೇ ಚರ್ಚಿಲ್ ಸರಕಾರ ಹಿಂದೂ ಮಹಾಸಾಗರದಲ್ಲಿ ಓಡುತ್ತಿದ್ದ ಹಡಗುಗಳಲ್ಲಿ ಬಹುಪಾಲನ್ನು ಅಟ್ಲಾಂಟಿಕ್ಕಿಗೆ ತಿರುಗಿಸಿತ್ತು. ಬ್ರಿಟನ್ನಿನ ಆಮದು ಕುಸಿಯಬಾರದೆಂಬುದು ಕಾರಣ. ಆಗಸ್ಟ್ 4ರಂದು ಯುದ್ಧ ಸಂಪುಟದ ಮುಂದೆ ಭಾರತಕ್ಕೆ ಐದು ಲಕ್ಷ ಟನ್ ಧಾನ್ಯ ಕಳಿಸುವ ಬೇಡಿಕೆ ಬಂತು. ಒಪ್ಪಿಗೆ ಸಿಕ್ಕಿದ್ದು ಅದರ ಒಂದು ಸಣ್ಣ ಪಾಲಿಗೆ ಮಾತ್ರ. ಆ ಚರ್ಚೆಗಳಲ್ಲಿ ಚರ್ಚಿಲ್ ಭಾರತೀಯರ ಬಗ್ಗೆ ಎಷ್ಟು ತಿರಸ್ಕಾರದಿಂದ ಮಾತನಾಡುತ್ತಿದ್ದರೆಂಬುದನ್ನು ದಿನಚರಿಯಲ್ಲಿ ಬರೆದಿಟ್ಟವರು ಅವರ ರಾಜಕೀಯ ವಿರೋಧಿಗಳಲ್ಲ, ಅವರದೇ ಪಕ್ಷದ, ಅವರದೇ ಸರಕಾರದ ಸಚಿವ ಅಮೆರಿ.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. 1943ರಲ್ಲಿ ಲಂಡನ್ನಿನ ಮೇಲೆ ಬಾಂಬ್ ದಾಳಿ ತಗ್ಗಿದ್ದರಿಂದ ಸಂಪುಟ ಹೆಚ್ಚಾಗಿ ಮೇಲೆಯೇ ಸೇರುತ್ತಿತ್ತು. ಆದ್ದರಿಂದ ಬಂಗಾಳದ ಹಣೆಬರಹ ಇದೇ ಮೇಜಿನ ಮೇಲೆ ಬರೆಯಲ್ಪಟ್ಟಿತೆಂದು ನಾವು ಹೇಳುತ್ತಿಲ್ಲ. ಹಡಗುಗಳ ಕೊರತೆಯೂ ಸುಳ್ಳಲ್ಲ. ಜರ್ಮನ್ ಜಲಾಂತರ್ಗಾಮಿಗಳು ಅವನ್ನು ಮುಳುಗಿಸುತ್ತಿದ್ದವು. 1944ರ ಏಪ್ರಿಲ್‌ನಲ್ಲಿ ಚರ್ಚಿಲ್ ಸ್ವತಃ ರೂಸ್‌ವೆಲ್ಟ್‌ಗೆ ಬರೆದು ಆಸ್ಟ್ರೇಲಿಯದ ಗೋಧಿಯನ್ನು ಭಾರತಕ್ಕೆ ಸಾಗಿಸಲು ಹಡಗು ಕೇಳಿದರು, ರೂಸ್‌ವೆಲ್ಟ್ ಕೊಡಲಿಲ್ಲ. ಆದರೆ ಅಷ್ಟು ಹೊತ್ತಿಗೆ ಲಕ್ಷಾಂತರ ಜನ ಸತ್ತಾಗಿತ್ತು. ಅದೇ ವರ್ಷಗಳಲ್ಲಿ ಬ್ರಿಟನ್ನಿನಲ್ಲಿ ಪಡಿತರ ಎಷ್ಟು ಚೆನ್ನಾಗಿ ನಡೆಯಿತೆಂದರೆ, ಯುದ್ಧ ಮುಗಿಯುವ ತನಕ ಬ್ರೆಡ್ಡಿಗೆ ಪಡಿತರ ಹಾಕುವ ಪ್ರಸಂಗವೇ ಬರಲಿಲ್ಲ. ಒಂದೇ ಸರಕಾರ, ಒಂದೇ ಯುದ್ಧ. ಒಂದು ಕಡೆ ಪ್ರತಿಯೊಬ್ಬನ ಸಕ್ಕರೆಯ ಅಚ್ಚಿಗೂ ಲೆಕ್ಕವಿತ್ತು. ಇನ್ನೊಂದು ಕಡೆ ಸತ್ತವರ ಸಂಖ್ಯೆಗೇ ಹದಿನೈದು ಲಕ್ಷದಷ್ಟು ವ್ಯತ್ಯಾಸ.

ಬಿಜಾಪುರದಲ್ಲಿ ಆದದ್ದು

ಬೇರೆ ರೀತಿ ಆಗಬಹುದಿತ್ತೇ? ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. 1942-43ರಲ್ಲಿ, ಆಗ ಮುಂಬಯಿ ಪ್ರಾಂತದಲ್ಲಿದ್ದ ನಮ್ಮ ಬಿಜಾಪುರ ಜಿಲ್ಲೆಯಲ್ಲೂ ಮಳೆ ಕೈಕೊಟ್ಟು ಬರ ಬಿತ್ತು. ಅಲ್ಲಿ ಬರವೆಂದು ಘೋಷಿಸಿ, ಪರಿಹಾರ ಕಾಮಗಾರಿಗಳನ್ನು ತೆರೆದು ಜನರಿಗೆ ಕೆಲಸ ಕೊಟ್ಟರು. ಜನ ಬಹಳ ಕಷ್ಟಪಟ್ಟರು, ಆದರೆ ಬಂಗಾಳದಂತೆ ರಸ್ತೆಗಳಲ್ಲಿ ಹೆಣ ಬೀಳಲಿಲ್ಲ. 1880ರ ಕ್ಷಾಮ ಆಯೋಗದ ನಂತರ ಬ್ರಿಟಿಷರೇ ಬರೆದಿಟ್ಟ ಕ್ಷಾಮ ಸಂಹಿತೆ ಅದನ್ನೇ ಹೇಳುತ್ತಿತ್ತು. ಕ್ಷಾಮ ಘೋಷಿಸು, ಕೆಲಸ ಕೊಡು, ಧಾನ್ಯ ಕೊಡು.

ಬಂಗಾಳದಲ್ಲಿ ಕ್ಷಾಮವೆಂದು ಕೊನೆಯವರೆಗೂ ಘೋಷಿಸಲೇ ಇಲ್ಲ. ಘೋಷಿಸಿದರೆ ಸಂಹಿತೆ ಹೇಳಿದಷ್ಟು ಧಾನ್ಯ ಕೊಡಬೇಕಾಗುತ್ತದೆ, ಕೊಡಲು ಅಷ್ಟು ಧಾನ್ಯ ನಮ್ಮಲ್ಲಿಲ್ಲ ಎಂಬುದು ಪ್ರಾಂತದ ಆಡಳಿತ ವೈಸ್‌ರಾಯ್‌ಗೆ ಕೊಟ್ಟ ಕಾರಣ. ಹೆಸರಿಡದ ಕಾಯಿಲೆಗೆ ಮದ್ದು ಕೊಡಬೇಕಾಗಿಲ್ಲವಲ್ಲ! 1943ರ ಆಗಸ್ಟ್ 22ರಂದು ಕಲ್ಕತ್ತೆಯ 'ಸ್ಟೇಟ್ಸ್‌ಮನ್' ಪತ್ರಿಕೆಯ ಆಂಗ್ಲ ಸಂಪಾದಕ ಇಯಾನ್ ಸ್ಟೀಫನ್ಸ್ ಬೀದಿಯಲ್ಲಿ ಸಾಯುತ್ತಿದ್ದವರ ಭಾವಚಿತ್ರಗಳನ್ನು ಧೈರ್ಯದಿಂದ ಅಚ್ಚು ಹಾಕಿದಾಗಲೇ ಲೋಕಕ್ಕೆ ಸತ್ಯ ತಿಳಿದದ್ದು. ಅಕ್ಟೋಬರ್‌ನಲ್ಲಿ ಹೊಸ ವೈಸ್‌ರಾಯ್ ಆಗಿ ಬಂದ ವೇವೆಲ್ ಕೆಲವೇ ದಿನಗಳಲ್ಲಿ ಕಲ್ಕತ್ತೆಗೆ ಹೋಗಿ ಕಣ್ಣಾರೆ ನೋಡಿ, ಪರಿಹಾರಕ್ಕೆ ಸೈನ್ಯವನ್ನು ಇಳಿಸಿದರು. ಮನಸ್ಸು ಮಾಡಿದರೆ ಆಗುತ್ತಿತ್ತು ಎಂಬುದಕ್ಕೆ ಇದೂ ಒಂದು ಸಾಕ್ಷಿ.

ಹೆಸರಿರುವವರು, ಹೆಸರಿಲ್ಲದವರು

ನೆಲಮಾಳಿಗೆಯಿಂದ ಹೊರಬಂದ ಮೇಲೆ ಸೋದರಳಿಯ ನಮ್ಮನ್ನು ಪೂರ್ವ ಲಂಡನ್ನಿನ ಬೆತ್ನಲ್ ಗ್ರೀನ್‌ಗೆ ಕರೆದೊಯ್ದ. ಮಂತ್ರಿಗಳಿಗೆ ಕಾಂಕ್ರೀಟಿನ ಕೋಣೆಗಳಿದ್ದರೆ ಬಡವರ ಅಡಗುದಾಣ ನೆಲದಡಿಯ ರೈಲು ನಿಲ್ದಾಣಗಳಾಗಿದ್ದವು. 1943ರ ಮಾರ್ಚ್ 3ರ ರಾತ್ರಿ ಎಚ್ಚರಿಕೆಯ ಸೈರನ್ ಕೂಗಿದಾಗ ಜನ ಈ ನಿಲ್ದಾಣಕ್ಕೆ ಧಾವಿಸಿದರು. ಕತ್ತಲಲ್ಲಿ ಮೆಟ್ಟಿಲ ಮೇಲೆ ಯಾರೋ ಎಡವಿ, ಒಬ್ಬರ ಮೇಲೊಬ್ಬರು ಬಿದ್ದು 173 ಜನ ಉಸಿರುಗಟ್ಟಿ ಸತ್ತರು. ಅವರಲ್ಲಿ ಮಕ್ಕಳೇ ಎಷ್ಟೋ ಮಂದಿ. ಅಂದು ಅಲ್ಲಿ ಒಂದು ಬಾಂಬೂ ಬಿದ್ದಿರಲಿಲ್ಲ. ಜನ ಧೃತಿಗೆಡಬಾರದೆಂದು ಸರಕಾರ ಆಗ ಆ ಸುದ್ದಿಯನ್ನು ಅದುಮಿಟ್ಟಿತು. ಆದರೆ ಆ ಬಡಾವಣೆಯವರು ಮರೆಯಲಿಲ್ಲ. ತಾವೇ ಹಣ ಕೂಡಿಸಿ 2017ರಲ್ಲಿ ಪೂರ್ಣ ಸ್ಮಾರಕ ನಿಲ್ಲಿಸಿದರು. ತಲೆಕೆಳಗಾದ ಮೆಟ್ಟಿಲುಗಳ ಆಕಾರದ ಆ ಸ್ಮಾರಕದಲ್ಲಿ ಸತ್ತವರೆಲ್ಲರ ಹೆಸರುಗಳಿವೆ. ನಾವು ನಿಂತು ಕೆಲವನ್ನು ಓದಿದೆವು.

ಆ 173 ಹೆಸರುಗಳ ಮುಂದೆ ನಮಗೆ ಅಸೂಯೆಯಾಯಿತು ಎಂದರೆ ತಪ್ಪು ತಿಳಿಯಬೇಡಿ. ಸತ್ತವರನ್ನು ಹೀಗೆ ಒಬ್ಬೊಬ್ಬರನ್ನಾಗಿ ನೆನೆಯುವುದೇ ಸರಿಯಾದ ಕ್ರಮ. ಬಂಗಾಳದ ಲಕ್ಷಾಂತರ ಜನರಿಗೆ ಅಂಥ ಒಂದು ಗೋಡೆಯಿಲ್ಲ, ಹೆಸರುಗಳ ಪಟ್ಟಿಯಿಲ್ಲ. ಲಂಡನ್ನಿನ ನೆಲಮಾಳಿಗೆಯಲ್ಲಿ ಅವರಿಗೊಂದು ಕೋಣೆಯಿಲ್ಲ ಎಂದು ದೂರುವ ನಾವು ನಮ್ಮ ನೆಲದಲ್ಲಾದರೂ ಅವರಿಗೊಂದು ಕೋಣೆ ಕಟ್ಟಿದ್ದೇವೆಯೇ? ದೇಶ ವಿಭಜನೆಯಾಯಿತು, ಬಂಗಾಳ ಎರಡಾಯಿತು, ಆ ಗದ್ದಲದಲ್ಲಿ ಹಸಿದು ಸತ್ತವರು ಎರಡೂ ಕಡೆಯವರಿಗೆ ಬೇಡವಾದರು.

ಅವರಿಗೆ ಸಿಕ್ಕಿದ ಸ್ಮಾರಕವೆಂದರೆ ಕಾಗದದ್ದು. ಮೈಮನ್‌ಸಿಂಗ್ ಕಡೆಯ ಯುವ ಕಲಾವಿದ ಝೈನುಲ್ ಆಬಿದೀನ್ ಆಗ ಕಲ್ಕತ್ತೆಯ ಕಲಾಶಾಲೆಯಲ್ಲಿ ಅಧ್ಯಾಪಕ. ಅಗ್ಗದ ಕಾಗದದ ಮೇಲೆ ಕಪ್ಪು ಮಸಿಯಲ್ಲಿ ಕ್ಷಾಮಪೀಡಿತರ ರೇಖಾಚಿತ್ರಗಳನ್ನು ಬಿಡಿಸಿದರು. ಒಣಗಿದ ತಾಯಿ, ಎಲುಬಿನ ಮಗು, ಪಕ್ಕದಲ್ಲೊಂದು ಕಾಗೆ. ಚಿತ್ತಪ್ರಸಾದ್ ಎಂಬ ಇನ್ನೊಬ್ಬ ಕಲಾವಿದ ಮಿಡ್ನಾಪುರದ ಹಳ್ಳಿಗಳಲ್ಲಿ ನಡೆದಾಡಿ ಚಿತ್ರ, ಬರಹಗಳ ಪುಸ್ತಿಕೆಯೊಂದನ್ನು ಮಾಡಿದರು. ಸರಕಾರ ಅದರ ಐದು ಸಾವಿರ ಪ್ರತಿಗಳನ್ನು ಹಿಡಿದು ನಾಶಮಾಡಿತು. ಉಳಿದ ಒಂದು ಪ್ರತಿಯಿಂದ ಅದು ಮುಂದಿನವರಿಗೆ ದೊರೆಯಿತು.

ನಮ್ಮ ಜನ ಈ ಯುದ್ಧದಲ್ಲಿ ಹಸಿದು ಸತ್ತದ್ದು ಮಾತ್ರವಲ್ಲ, ಹೋರಾಡಿಯೂ ಸತ್ತರು. ಇಪ್ಪತ್ತೈದು ಲಕ್ಷ ಭಾರತೀಯರು ಸೈನ್ಯ ಸೇರಿದ್ದರು. ಟಿಪ್ಪು ಸುಲ್ತಾನರ ವಂಶದ ಕುಡಿ ನೂರ್ ಇನಾಯತ್ ಖಾನ್, ಬ್ರಿಟನ್ನಿನ ಗುಪ್ತ ನಿರ್ವಾಹಕಿಯಾಗಿ ಜರ್ಮನರ ವಶದಲ್ಲಿದ್ದ ಪ್ಯಾರಿಸ್‌ಗೆ ಹೋಗಿ, ಸಿಕ್ಕಿಬಿದ್ದು, 1944ರ ಸೆಪ್ಟೆಂಬರ್ 13ರಂದು ದಾಖೌ ಶಿಬಿರದಲ್ಲಿ ಗುಂಡಿಗೆ ಬಲಿಯಾದರು. ಲಂಡನ್ನಿನ ಗಾರ್ಡನ್ ಸ್ಕ್ವೇರ್‌ನಲ್ಲಿ ಅವರ ಪ್ರತಿಮೆ ಬಂದದ್ದು 2012ರಲ್ಲಿ, ಅಂದರೆ 68 ವರ್ಷಗಳ ಮೇಲೆ. ಅದೂ ಒಬ್ಬ ಲೇಖಕಿ ಮತ್ತು ಅವರ ಜೊತೆಗಾರರು ಪಟ್ಟುಹಿಡಿದು ಓಡಾಡಿದ್ದರಿಂದ. ಯಾರಾದರೂ ಕೇಳಿದರೆ ಮಾತ್ರ ನೆನಪಿಗೆ ಜಾಗ ಸಿಗುತ್ತದೆ ಎಂಬುದು ಇದರ ಪಾಠ.

2020ರ ಜೂನ್‌ನಲ್ಲಿ ಬ್ರಿಟನ್ನಿನ ಯುವಜನ ಬ್ರಿಸ್ಟಲ್‌ನಲ್ಲಿ ಗುಲಾಮರ ವ್ಯಾಪಾರಿ ಕೋಲ್‌ಸ್ಟನ್‌ನ ಪ್ರತಿಮೆಯನ್ನು ಉರುಳಿಸಿದಾಗ ಕ್ಲೈವನ ಪ್ರತಿಮೆಯನ್ನೂ ತೆಗೆಯಬೇಕೆಂಬ ಕೂಗೆದ್ದಿತು. ಸೋದರಳಿಯನಿಗೂ ಅದೇ ಅಭಿಪ್ರಾಯ. ನಮಗೆ ಅಷ್ಟು ಖಚಿತವಿಲ್ಲ. ಅವನು ಅಲ್ಲೇ ನಿಂತಿರಲಿ, ಆದರೆ ಪೀಠದಲ್ಲಿ ಬಿಟ್ಟುಹೋದ ಚಿತ್ರವನ್ನೂ ಪಕ್ಕದಲ್ಲಿ ಇಡಲಿ. ಮೆಟ್ಟಿಲ ಮೇಲಿನ 1770 ಮತ್ತು ನೆಲಮಾಳಿಗೆಯ 1943, ಎರಡನ್ನೂ ಸೇರಿಸಿ ಹೇಳುವ ಒಂದು ಫಲಕವಿದ್ದರೂ ಸಾಕು. ಅದರಿಂದ ಲಂಡನ್ನಿನವರ ಶೌರ್ಯ ಕಡಿಮೆಯಾಗದು. ನೋಡಲು ಬಂದವರು ಇಡೀ ಇತಿಹಾಸವನ್ನು ತಿಳಿದುಕೊಂಡು ಹೋದಾರು.

ಬ್ರಿಟಿಷರು ಏನು ಮಾಡುತ್ತಾರೋ ಅವರಿಗೆ ಬಿಟ್ಟದ್ದು. ನಮ್ಮ ಕೈಯಲ್ಲಿರುವ ಕೆಲಸವೊಂದಿದೆ. ಆ ವರ್ಷಗಳ ಹಸಿವನ್ನು ಕಂಡ ಹಿರಿಯರು ಈಗ ತೊಂಬತ್ತರ ಆಸುಪಾಸಿನಲ್ಲಿದ್ದಾರೆ. ಬಿಜಾಪುರ ಈಗ ವಿಜಯಪುರವಾಗಿದೆ, ಬರದ ಕಾಮಗಾರಿಯಲ್ಲಿ ಕಲ್ಲು ಹೊತ್ತವರ ಮಕ್ಕಳು ಅಲ್ಲಿನ ಹಳ್ಳಿಗಳಲ್ಲಿರಬಹುದು. ಕರಾವಳಿಯಲ್ಲಿ ರಂಗೂನ್ ಅಕ್ಕಿ ನಿಂತ ವರ್ಷವನ್ನು ನೆನಪಿಟ್ಟ ಅಜ್ಜಿಯೊಬ್ಬರು ನಿಮ್ಮ ಮನೆಯಲ್ಲೇ ಇರಬಹುದು. ಅವರ ಹತ್ತಿರ ಕುಳಿತು ಕೇಳಿ, ಹೆಸರು ಊರು ಸಹಿತ ಬರೆದಿಡಿ. ನಾವು ನಮ್ಮ ಅಜ್ಜಿಯನ್ನು ಕೇಳಬೇಕಾದದ್ದನ್ನು ಕೇಳಲಿಲ್ಲ. ಅವರು ಗದರಿದ್ದು ನೆನಪಿದೆ, ಯಾಕೆ ಗದರುತ್ತಿದ್ದರೆಂದು ವಿವರವಾಗಿ ಕೇಳುವ ಬುದ್ಧಿ ಬರುವಷ್ಟರಲ್ಲಿ ಅವರು ಇರಲಿಲ್ಲ.